ಎಣ್ಣೆಯೊಳಗಿನ ಬೆಲ್ಟು

ಅಕ್ಕನಿಗೆ ಆ ಕಾರು ಕೊಡಿಸಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ ಮಾತು ಮರೆಸಿಬಿಡುವ ಚಾಳಿ ನನಗಿದೆ.

ಅಕ್ಕ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಳು. ಒಂದು ಕಾರು, ಒಬ್ಬಳು ಟೀಚರ್, ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ದೊಡ್ಡ ಪಟ. ಅವಳ ಡ್ರೈವಿಂಗ್ ಸ್ಕೂಲು ಎಂದರೆ ಇಷ್ಟೇ. ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಹಾಕಿಸಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಹತ್ತಿರ ಕಲಿತವರಲ್ಲಿ ಒಬ್ಬರಿಗೂ ಒಂದು ಗೀರು ಬಿದ್ದಿರಲಿಲ್ಲ. ಅವಳು ಬೈಯುವವಳಲ್ಲ. ಗಾಡಿ ಐದು ಸಲ ಆಫ್ ಆದರೆ ಆರನೆಯ ಸಲವೂ ಅದೇ ದನಿಯಲ್ಲಿ "ಇನ್ನೊಂದ್ಸಲ ನೋಡೋಣ" ಅನ್ನುವವಳು. ಭಾವ ತೀರಿಕೊಂಡ ಮೇಲೆ ಮನೆ ನಡೆದದ್ದೂ, ಮಗಳ ಓದು ಮುಗಿದದ್ದೂ ಆ ಎರಡು ಪೆಡಲಿನ ಮೇಲೆಯೇ.

ಹಳೆಯ ಕಾರಿಗೆ ಹನ್ನೊಂದು ವರ್ಷವಾಗಿ, ಬೆಳಿಗ್ಗೆ ಸ್ಟಾರ್ಟ್ ಆಗುವುದಕ್ಕೆ ಮುನಿಸು ತೋರಿಸತೊಡಗಿದಾಗ ಅವಳು ನನ್ನನ್ನು ಕೇಳಿದಳು. ಕೇಳದೆ ಇನ್ಯಾರನ್ನು ಕೇಳಬೇಕು? ನಾನು ಕೆಲಸ ಮಾಡುವುದೇ ಒಂದು ಕಾರು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ. ಗಿರಾಕಿಗಳು ಬಂದ ಕೂಡಲೇ ಕೌಂಟರಿನಿಂದ ಎದ್ದು ಬಂದು, ಗಾಡಿಗೆ ಏನಾಗಿದೆ ಎಂದು ವಿಚಾರಿಸಿ ಬರೆದುಕೊಳ್ಳುವವನು ನಾನು. ನನ್ನ ಅಂಗಿಯ ಜೇಬಿನ ಮೇಲೆ 'ಸಲಹೆಗಾರ' ಎಂದು ಹೊಲಿದಿದೆ.

"ಹೊಸ ಎಂಜಿನ್ ಬಂದಿದೆ ಅಕ್ಕ. ಮೂರು ಸಿಲಿಂಡರು, ಒಂಬೈನೂರ ತೊಂಬತ್ತೊಂಬತ್ತು ಸಿಸಿ. ಅರವತ್ತೆಂಟು ಕುದುರೆ ಶಕ್ತಿ. ಹಳೇದಕ್ಕಿಂತ ಪೆಟ್ರೋಲು ಕಮ್ಮಿ ಕುಡಿಯುತ್ತೆ," ಎಂದೆ.

"ಕುದುರೆ ಕಟ್ಕೊಂಡು ನಾನೇನು ಮಾಡ್ಲೋ? ನಮ್ಮೋರು ಮೂರನೇ ಗೇರಿಗೆ ಹೋಗೋದೇ ಎರಡನೇ ವಾರಕ್ಕೆ. ಕೈ ಕೊಡುತ್ತಾ, ಇಲ್ವಾ? ಅದೊಂದು ಹೇಳು."

"ಎರಡು ಲಕ್ಷ ಕಿಲೋಮೀಟರ್ ತನಕ ಇದರ ಟೈಮಿಂಗ್ ಬೆಲ್ಟನ್ನ ಮುಟ್ಟೋ ಹಾಗೇ ಇಲ್ಲ. ಪುಸ್ತಕದಲ್ಲೇ ಬರೆದಿದ್ದಾರೆ."

ಟೈಮಿಂಗ್ ಬೆಲ್ಟು ಎಂದರೆ ಎಂಜಿನ್ನಿನ ಮೇಲುಭಾಗ ಮತ್ತು ಕೆಳಭಾಗ ಒಂದೇ ತಾಳದಲ್ಲಿ ತಿರುಗುವ ಹಾಗೆ ಹಿಡಿದಿಡುವ ಹಲ್ಲಿನ ಪಟ್ಟಿ. ಕೆಲವು ಎಂಜಿನ್ನುಗಳಲ್ಲಿ ಅದರ ಜಾಗದಲ್ಲಿ ಉಕ್ಕಿನ ಸರಪಳಿ ಇರುತ್ತದೆ. ಇದರಲ್ಲಿ ರಬ್ಬರಿನ ಬೆಲ್ಟು, ಅದೂ ಹೊರಗಲ್ಲ, ಎಂಜಿನ್ ಎಣ್ಣೆಯೊಳಗೇ ಸುತ್ತುವಂಥದ್ದು. ಸದ್ದು ಕಡಿಮೆ, ಸವೆತ ಕಡಿಮೆ ಎಂದು ಕಂಪನಿ ನಮ್ಮನ್ನೆಲ್ಲ ಎರಡು ದಿನ ಕೂರಿಸಿಕೊಂಡು ಪಾಠ ಮಾಡಿತ್ತು. ಪಾಠ ಮುಗಿಸಿ ಬಂದ ದಿನ ನಮ್ಮ ವರ್ಕ್‌ಶಾಪಿನ ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಹೇಳಿದ್ದ: "ರಬ್ಬರನ್ನ ಎಣ್ಣೇಲಿ ನೆನೆಹಾಕಿ ಗಟ್ಟಿಯಾಗಿರು ಅಂದ್ರೆ ಅದೆಷ್ಟು ದಿನ ಇರುತ್ತೆ ಸ್ವಾಮಿ? ನಾನೇನು ಓದಿದವನಲ್ಲ ಬಿಡಿ." ನಾವೆಲ್ಲ ನಕ್ಕೆವು. ನಾನು ಸ್ವಲ್ಪ ಜಾಸ್ತಿಯೇ ನಕ್ಕೆ.

ಕಾರು ಬಂತು. ಕೊಡುವ ದಿನ ಸಹಿ ಹಾಕಬೇಕಾದ ಕಾಗದ ನಲವತ್ತು ಪುಟ. ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ನಾನೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟೆ. ಅಕ್ಕ ಕನ್ನಡಕ ತರಲು ಮರೆತಿದ್ದಳು. "ನೀನಿದ್ದೀಯಲ್ಲ," ಎಂದು ಗುರುತಿದ್ದ ಕಡೆಯೆಲ್ಲ ಹೆಸರು ಬರೆದಳು.

"ಆಯಿಲ್ ಯಾವಾಗ ಬದಲಾಯಿಸ್ಬೇಕು?"

"ಹದಿನೈದು ಸಾವಿರಕ್ಕೊಂದ್ಸಲ, ಇಲ್ಲ ವರ್ಷಕ್ಕೊಂದ್ಸಲ. ನಾನೇ ಫೋನ್ ಮಾಡಿ ನೆನಪಿಸ್ತೀನಿ."

ಮಾತು ತಪ್ಪಲಿಲ್ಲ. ಹದಿನೈದು ಸಾವಿರಕ್ಕೆ ಸರಿಯಾಗಿ ಫೋನ್ ಮಾಡಿದೆ, ಮೂವತ್ತು ಸಾವಿರಕ್ಕೂ ಮಾಡಿದೆ.

ನಲವತ್ತೊಂದು ಸಾವಿರದ ಹತ್ತಿರ ಕೆಂಪು ದೀಪ ಹತ್ತಿತು. ಅದನ್ನು ಮೊದಲು ನೋಡಿದವರು ನರ್ಸಮ್ಮ. ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿ ನಿವೃತ್ತರಾದವರು, ಅರವತ್ತೊಂದು ವಯಸ್ಸು. ಅವರ ಯಜಮಾನರಿಗೆ ಕಣ್ಣಿನ ದೃಷ್ಟಿ ಹೋಗುತ್ತಾ ಬಂದಿತ್ತು. "ಮದುವೆಯಾದಾಗಿನಿಂದ ಅವರು ನನ್ನನ್ನ ಕೂರಿಸ್ಕೊಂಡು ಓಡಾಡಿದ್ರು. ಇನ್ನು ನಾನು ಕೂರಿಸ್ಕೋತೀನಿ," ಎಂದು ಕಲಿಯಲು ಬಂದಿದ್ದರು. ವಾರ್ಡಿನಲ್ಲಿ ದೀಪ ನೋಡಿಯೇ ಓಡಿ ಅಭ್ಯಾಸವಾದ ಕಣ್ಣು.

"ಟೀಚರ್, ಕೆಂಪಗೆ ಏನೋ ಹತ್ತಿಕೊಂಡಿದೆ. ನಾನೇನಾದ್ರೂ ಒತ್ತಿಬಿಟ್ನಾ?"

ಎಣ್ಣೆಯ ಒತ್ತಡ ಕುಸಿದಿದೆ ಎನ್ನುವ ದೀಪ ಅದು. ಅಕ್ಕ ಆ ಕ್ಷಣವೇ ಎಂಜಿನ್ ಆಫ್ ಮಾಡಿಸಿ, ಗಾಡಿಯನ್ನು ಪಕ್ಕಕ್ಕೆ ತಳ್ಳಿಸಿ, ನನಗೆ ಫೋನ್ ಮಾಡಿದಳು. ಹಾಗೇ ಇನ್ನೊಂದು ಮೈಲಿ ಓಡಿಸಿದ್ದರೆ ಎಂಜಿನ್ ಒಳಗೇ ಕಚ್ಚಿಕೊಂಡು ನಿಂತುಬಿಡುತ್ತಿತ್ತು.

ಮೇಸ್ತ್ರಿ ಕಾರನ್ನು ಎತ್ತರಕ್ಕೆ ಏರಿಸಿ, ಕೆಳಗಿನ ಎಣ್ಣೆಯ ತಟ್ಟೆ ಬಿಚ್ಚಿದ. ಎಣ್ಣೆ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಅದು ಕಾಣುತ್ತಲೇ ಇರಲಿಲ್ಲ. ಅದರ ತುಂಬ ಕರೀ ಚೂರು, ಒದ್ದೆ ಚಹಾಪುಡಿ ಮೆತ್ತಿದ ಹಾಗೆ. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಉಜ್ಜಿದ. ಆ ಬೆರಳನ್ನು ನನ್ನ ಕಡೆ ಹಿಡಿದ. ಅವತ್ತಿನ ಹಾಗೆ ಒಂದು ಮಾತು ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಏನದು?" ಅಕ್ಕ ಕೇಳಿದಳು.

"ಬೆಲ್ಟು," ಎಂದೆ.

"ಎರಡು ಲಕ್ಷ ಅಂದಿದ್ದಲ್ಲೋ?"

ಗ್ಯಾರಂಟಿಯ ಅವಧಿ ಇನ್ನೂ ಮುಗಿದಿರಲಿಲ್ಲ. ಕಂಪನಿಯ ಇನ್‌ಸ್ಪೆಕ್ಟರು ನಾಲ್ಕನೆಯ ದಿನ ಬಂದರು. ತೆಳ್ಳಗಿನ, ನಯವಾಗಿ ಮಾತಾಡುವ ಮನುಷ್ಯ. ಜಾಲರಿಯ ಫೋಟೋ ತೆಗೆದುಕೊಂಡು, ಸರ್ವಿಸ್ ದಾಖಲೆ ನೋಡಿ, ಕಾರಿನ ಜೊತೆ ಬರುವ ಪುಸ್ತಕದ ಇನ್ನೂರ ಹನ್ನೆರಡನೆಯ ಪುಟ ತೆಗೆದು ನನ್ನ ಮುಂದಿಟ್ಟರು. ಕೆಳಗೆ ಸಣ್ಣ ಅಕ್ಷರ. ಕಠಿಣ ಬಳಕೆಯ ವಾಹನಗಳಿಗೆ ಎಣ್ಣೆ ಬದಲಾವಣೆಯ ಅಂತರ ಅರ್ಧ. ಕಠಿಣ ಬಳಕೆ ಎಂದರೆ ಪದೇಪದೇ ನಿಲ್ಲಿಸಿ ಹೊರಡುವುದು, ಬಹಳ ಹೊತ್ತು ನಿಂತಲ್ಲೇ ಎಂಜಿನ್ ಓಡುವುದು, ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಮುಗಿಯುವ ಸಣ್ಣ ಸಣ್ಣ ಪಯಣ. ಹಾಗೆ ಓಡಿಸಿದರೆ ಉರಿಯದ ಪೆಟ್ರೋಲು ಎಣ್ಣೆಗೆ ಸೇರಿಕೊಳ್ಳುತ್ತದೆ. ಪೆಟ್ರೋಲು ಸೇರಿದ ಎಣ್ಣೆ ಬೆಲ್ಟನ್ನು ತಿನ್ನುತ್ತದೆ.

ಅಕ್ಕನ ಇಪ್ಪತ್ತೆರಡು ವರ್ಷದ ಕಸುಬನ್ನು ಹತ್ತಿರದಿಂದ ಕಂಡವರು ಯಾರೋ ಕೂತು ಬರೆದ ಹಾಗಿತ್ತು.

ಆ ಪುಟವನ್ನು ನಾನು ಅದಕ್ಕೆ ಮೊದಲು ಓದಿರಲಿಲ್ಲ ಎಂದರೆ ಸುಳ್ಳು. ಓದಿದ್ದೆ. ಅದು ಮರುಭೂಮಿಯಲ್ಲಿ ಓಡಿಸುವವರಿಗೆ, ಬೆಟ್ಟದಲ್ಲಿ ಭಾರ ಎಳೆಯುವವರಿಗೆ ಎಂದುಕೊಂಡಿದ್ದೆ. ಗುಂಡಿ ತಪ್ಪಿಸಿಕೊಂಡು, ಇಪ್ಪತ್ತರ ವೇಗದಲ್ಲಿ, ಬೀದಿಯ ಒಳಗೊಳಗೇ ಸುತ್ತುವ ನಮ್ಮಕ್ಕ ಕಠಿಣ ಬಳಕೆದಾರಳು ಎಂದು ತಲೆಗೇ ಹೋಗಲಿಲ್ಲ.

ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು. 'ಕಠಿಣ ಬಳಕೆಯ ವೇಳಾಪಟ್ಟಿಯನ್ನು ಗ್ರಾಹಕರಿಗೆ ತಿಳಿಸಲಾಗಿತ್ತೇ?' ಉತ್ತರ ಬರೆಯಬೇಕಾದವನು ಸಲಹೆಗಾರ. ನಮ್ಮ ಮ್ಯಾನೇಜರು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ನಾನು 'ಇಲ್ಲ' ಎಂದು ಬರೆದೆ. ಅದರ ಕೆಳಗೆ, 'ಹದಿನೈದು ಸಾವಿರ ಎಂದು ತಪ್ಪಾಗಿ ಹೇಳಿದವನು ನಾನೇ' ಎಂದೂ ಬರೆದು ಸಹಿ ಹಾಕಿದೆ. ಕೆಲಸ ಹೋದರೂ ಹೋಗಲಿ, ಅಕ್ಕನಿಗೆ ಹೊಸ ಎಂಜಿನ್ ಬರುತ್ತದಲ್ಲ ಎಂದು ಒಳಗೊಳಗೇ ಒಂದು ಬಗೆಯ ಸಮಾಧಾನವೂ ಆಯಿತು.

ಕೆಲಸ ಹೋಗಲಿಲ್ಲ, ಎಂಜಿನ್ನೂ ಬರಲಿಲ್ಲ. ಎಂಟು ದಿನದ ಮೇಲೆ ಬಂದ ಉತ್ತರದಲ್ಲಿ ನಾನು ಬರೆದದ್ದರ ಪ್ರಸ್ತಾಪವೇ ಇರಲಿಲ್ಲ. ಪುಸ್ತಕವನ್ನು ಓದಿ ತಿಳಿದುಕೊಂಡಿದ್ದೇನೆ ಎಂಬ ಕಾಗದಕ್ಕೆ ಗ್ರಾಹಕರ ಸಹಿ ಇದೆ. ಆದ್ದರಿಂದ ಗ್ಯಾರಂಟಿ ಅನ್ವಯಿಸುವುದಿಲ್ಲ. ಅಷ್ಟೇ. ಜೊತೆಗೆ ಆ ಕಾಗದದ ನಕಲು. ಅಕ್ಕನ ಸಹಿಯ ಪಕ್ಕ ನಾನು ಹಾಕಿದ ಪೆನ್ಸಿಲಿನ ಗುರುತು ನಕಲಿನಲ್ಲೂ ಮಸುಕಾಗಿ ಕಾಣುತ್ತಿತ್ತು.

ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ ಗೋಗರೆದೆ.

"ನೀವು ಬರೆದಿದ್ದನ್ನ ನಾನು ಓದ್ದೆ ಸಾರ್. ಮೇಲೆ ಕಳಿಸ್ದೆ ಕೂಡ," ಎಂದರು ಅವರು. "ಅಲ್ಲಿ ಅದನ್ನ ಓದೋರು ಯಾರು, ಎಲ್ಲಿ ಕೂತಿದ್ದಾರೆ, ನನಗೂ ಗೊತ್ತಿಲ್ಲ. ಹನ್ನೆರಡು ವರ್ಷದಿಂದ ಕಳಿಸ್ತಾನೇ ಇದ್ದೀನಿ."

ಅಕ್ಕ ಆ ಉತ್ತರವನ್ನು ಮಡಚಿ ಮೇಜಿನ ಮೇಲಿಟ್ಟಳು. "ರಿಪೇರಿ ಮಾಡಿಸೋಣ. ನಾಲ್ಕು ಜನರದ್ದು ಲೈಸೆನ್ಸ್ ಪರೀಕ್ಷೆ ಬಾಕಿ ಇದೆ," ಎಂದಳು. ಭಾನುವಾರ ಮೇಸ್ತ್ರಿ ತಾನಾಗಿಯೇ ಬಂದ. ವರ್ಕ್‌ಶಾಪಿನಲ್ಲಿ ನಾವು ಮೂವರೇ. ಬೆಲ್ಟು ಬದಲಾಯಿಸಿದ. ಜಾಲರಿ ತೊಳೆದ. ಹೊಸ ಎಣ್ಣೆ ಹಾಕಿ, ಅರ್ಧ ಗಂಟೆ ಓಡಿಸಿ, ಚೆಲ್ಲಿ, ಮತ್ತೆ ಹಾಕಿದ. ಎಂಜಿನ್ನು ಹೊಸದರ ಹಾಗೆ ಮೆತ್ತಗೆ ಗುನುಗಿತು. ಅಕ್ಕನ ಮುಖ ಅರಳಿತು.

ಮೇಸ್ತ್ರಿ ಮಾತ್ರ ಬಾನೆಟ್ ಮುಚ್ಚಲಿಲ್ಲ. ಎಂಜಿನ್ನಿನ ತುದಿಗೆ ಅಂಟಿಕೊಂಡಿದ್ದ ಮುಷ್ಟಿಗಾತ್ರದ ಪಂಪನ್ನು ತೋರಿಸಿದ. ಬ್ರೇಕಿಗೆ ಬಲ ಕೊಡುವ ಪಂಪು ಅದು. ಕಾಲಿನ ಹಗುರ ಒತ್ತಡ ಚಕ್ರವನ್ನು ನಿಲ್ಲಿಸುವಷ್ಟು ದೊಡ್ಡದಾಗಬೇಕಾದರೆ ಅದರ ಎಳೆತ ಬೇಕು. ಅದು ಓಡುವುದೂ ಅದೇ ಎಣ್ಣೆಯಲ್ಲಿ.

"ಇದರೊಳಗೂ ಚೂರು ಹೋಗಿರಬಹುದು. ಬಿಚ್ಚಿ ತೊಳೆಯೋ ಹಾಗಿಲ್ಲ, ಹೊಸದೇ ಹಾಕ್ಬೇಕು," ಎಂದ.

ಹೊಸ ಪಂಪು ಸ್ಟಾಕಿನಲ್ಲಿ ಇರಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಮೂರು ವಾರ ಎಂದು ತೋರಿಸಿತು. ಬೇಡಿಕೆಯ ಸಾಲಿನಲ್ಲಿ ನಮ್ಮ ಮುಂದೆ ನೂರ ಆರು ಜನ ಇದ್ದರು. ನೂರ ಆರು ಜನಕ್ಕೂ ಇದೇ ಪಂಪು ಯಾಕೆ ಬೇಕಾಯಿತು ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಿತು ಕೂಡ. ಪರೀಕ್ಷಾ ಯಂತ್ರ ಜೋಡಿಸಿ ನೋಡಿದೆವು. ಪಂಪಿನ ಎಳೆತ ಬೇಕಾದಷ್ಟೇ ಇತ್ತು, ಕೂದಲೆಳೆಯಷ್ಟೂ ಕಡಿಮೆ ಇಲ್ಲ.

"ಓಡಿಸಬಹುದಾ?" ಅಕ್ಕ ನನ್ನನ್ನು ಕೇಳಿದಳು. ಮೇಸ್ತ್ರಿಯನ್ನಲ್ಲ, ನನ್ನನ್ನು.

ಮೂರು ವಾರ ಗಾಡಿ ನಿಲ್ಲಿಸು ಎನ್ನಬೇಕಿತ್ತು. ಆಗಲೇ ಎರಡು ವಾರ ಅವಳ ಕೆಲಸ ನಿಂತಿತ್ತು, ನನ್ನಿಂದ. ಮತ್ತೆ ಮೂರು ವಾರ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

"ಸ್ವಲ್ಪ ನೋಡ್ಕೊಂಡು ಓಡ್ಸು," ಎಂದೆ.

ನೋಡಿಕೊಂಡು ಓಡಿಸು ಎಂದರೆ ಏನು? ಏನನ್ನು ನೋಡಿಕೊಳ್ಳಬೇಕು? ಅವಳು ಕೇಳಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಫೋನ್ ಬಂತು. ಮಾತಾಡಿದವರು ನರ್ಸಮ್ಮ. ದನಿ ತಣ್ಣಗಿತ್ತು, ವಾರ್ಡಿನಿಂದ ಮನೆಯವರಿಗೆ ಸುದ್ದಿ ಕೊಡುವವರ ದನಿ. "ಗಾಬರಿ ಆಗ್ಬೇಡಿ. ನಿಮ್ಮಕ್ಕ ಮಾತಾಡ್ತಾ ಇದ್ದಾರೆ. ಇಳಿಜಾರಿನ ಸಿಗ್ನಲ್ ಹತ್ತಿರ ಬನ್ನಿ."

ನಾನು ಹೋಗುವಷ್ಟರಲ್ಲಿ ಜನ ಸೇರಿದ್ದರು. ಕಾರಿನ ಮೂತಿ ಒಂದು ಬ್ಯಾಂಕಿನ ಕಾಂಪೌಂಡ್ ಗೋಡೆಗೆ ಕಚ್ಚಿಕೊಂಡಿತ್ತು. ಅಕ್ಕ ಫುಟ್‌ಪಾತಿನ ಮೇಲೆ ಕಾಲು ಚಾಚಿ ಕೂತಿದ್ದಳು. ನರ್ಸಮ್ಮ ಪಕ್ಕದಲ್ಲಿ ಮಂಡಿಯೂರಿ, ತಮ್ಮ ಬಲಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಎಡಗೈಯಲ್ಲಿ ಅಕ್ಕನ ಮಂಡಿಯ ಕೆಳಗೆ ತಮ್ಮ ಚೀಲವನ್ನು ದಿಂಬಿನಂತೆ ಇಡುತ್ತಿದ್ದರು. "ಅಲ್ಲಾಡಿಸ್ಬೇಡಿ ಟೀಚರ್. ಚಿಪ್ಪು ಒಡೆದಿದೆ." ಅವರ ಬಲ ಮಣಿಕಟ್ಟು ಸೊಟ್ಟಗಾಗಿ ಊದಿತ್ತು. ಏರ್‌ಬ್ಯಾಗು ಹೊಡೆದದ್ದು. ಅದನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ.

ನಡೆದದ್ದು ಇಷ್ಟು. ಇಳಿಜಾರು, ಕೆಳಗೆ ಕೆಂಪು ಸಿಗ್ನಲ್ಲು, ಜನ ರಸ್ತೆ ದಾಟುತ್ತಿದ್ದಾರೆ. ನರ್ಸಮ್ಮ ಸರಿಯಾದ ಹೊತ್ತಿಗೇ ಬ್ರೇಕ್ ಒತ್ತಿದರು. ಪೆಡಲು ಒಳಗೆ ಹೋಗಲೇ ಇಲ್ಲ. "ಟೀಚರ್, ಗಟ್ಟಿ!" ಎಂದರು. ಅಕ್ಕ ತನ್ನ ಪೆಡಲನ್ನು ಒತ್ತಿದಳು. ಕಲ್ಲು. ಎರಡೂ ಕಾಲಿಟ್ಟು ಸೀಟಿನಿಂದ ಮೇಲೆದ್ದು ನಿಂತಳು. ಹ್ಯಾಂಡ್‌ಬ್ರೇಕ್ ಎಳೆದಳು. ವೇಗ ಕಡಿಮೆಯಾಯಿತೇ ಹೊರತು ಗಾಡಿ ನಿಲ್ಲಲಿಲ್ಲ. ಕೈ ಚಾಚಿ ಸ್ಟಿಯರಿಂಗ್ ಹಿಡಿದು, ದಾಟುತ್ತಿದ್ದವರನ್ನು ಬಿಟ್ಟು ಗೋಡೆಯ ಕಡೆಗೆ ತಿರುಗಿಸಿದಳು. ರಸ್ತೆಯಲ್ಲಿದ್ದ ಒಬ್ಬರಿಗೂ ಏನೂ ಆಗಲಿಲ್ಲ.

"ಒತ್ತಿದ್ದೀನಿ ಕಣೋ," ಎಂದಳು ಅಕ್ಕ ನನ್ನನ್ನು ನೋಡಿದ್ದೇ. "ಇಬ್ರೂ ಒತ್ತಿದ್ದೀವಿ. ಹೋಗ್ಲೇ ಇಲ್ಲ." ನೋವಿನ ಬಗ್ಗೆ ಒಂದು ಮಾತಿಲ್ಲ. ಆಂಬುಲೆನ್ಸಿನಲ್ಲಿ ಮಲಗಿದ ಮೇಲೂ ಅದನ್ನೇ ಹೇಳುತ್ತಿದ್ದಳು, ನಾನು ನಂಬುವುದಿಲ್ಲವೇನೋ ಎನ್ನುವಂತೆ.

ಪೊಲೀಸರು ನಂಬಲಿಲ್ಲ. ಕಲಿಯುತ್ತಿರುವ ವಯಸ್ಸಾದ ಹೆಂಗಸು, ಬ್ರೇಕ್ ಅಂದುಕೊಂಡು ಎಕ್ಸಲರೇಟರ್ ಒತ್ತಿರಬೇಕು, ಟೀಚರ್ ಗಮನ ಬೇರೆ ಕಡೆ ಇದ್ದಿರಬೇಕು ಎಂದು ಬರೆದುಕೊಂಡರು. ಆ ಸಲಹೆಯನ್ನು ಕೊಟ್ಟವರು ನಮ್ಮ ಮ್ಯಾನೇಜರೇ ಇರಬಹುದು, ನನಗೆ ಖಚಿತವಿಲ್ಲ. ಡ್ರೈವಿಂಗ್ ಸ್ಕೂಲಿನ ಪರವಾನಗಿಯನ್ನು ವಿಚಾರಣೆ ಮುಗಿಯುವ ತನಕ ತಡೆಹಿಡಿದರು. ನರ್ಸಮ್ಮನ ಯಜಮಾನರು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಕಾಣದ ಕಣ್ಣನ್ನು ನನ್ನ ದನಿ ಬಂದ ಕಡೆ ತಿರುಗಿಸಿ, "ನನ್ನ ಹೆಂಡ್ತಿ ತಪ್ಪು ಮಾಡಿದ್ಲಾ? ಇದ್ದದ್ದು ಹೇಳಿ," ಎಂದರು. ಇಲ್ಲ ಎಂದೆ. "ಹಾಗಾದ್ರೆ ಅಲ್ಲಿ ಹೇಳಿ," ಎಂದರು. ನಾನು ಪೊಲೀಸರಿಗೂ ಹೇಳಿದ್ದೆ. ಅಕ್ಕನ ತಮ್ಮ ಹೇಳಿದ್ದು ಹೇಳಿಕೆಯಾಗುವುದಿಲ್ಲವಂತೆ.

ಕಂಪನಿಯ ಅದೇ ಇನ್‌ಸ್ಪೆಕ್ಟರು ಮತ್ತೆ ಬಂದರು. ಏರ್‌ಬ್ಯಾಗು ಬಿಚ್ಚಿಕೊಳ್ಳುವುದಕ್ಕೆ ಮುಂಚಿನ ಐದು ಸೆಕೆಂಡು ಏನೇನಾಯಿತು ಎಂಬುದು ಕಾರಿನೊಳಗಿನ ಒಂದು ಪೆಟ್ಟಿಗೆಯಲ್ಲಿ ದಾಖಲಾಗಿರುತ್ತದೆ. ಅವರು ಅದನ್ನು ತೆಗೆದು ಓದಿ, ಒಂದು ಹಾಳೆ ಅಚ್ಚು ಹಾಕಿ, ಮಡಚಿ ನನ್ನ ಕೈಗಿಟ್ಟರು. ಬ್ರೇಕ್ ಪೆಡಲು: ಒತ್ತಲಾಗಿದೆ. ಐದು ಸೆಕೆಂಡೂ. ಎಕ್ಸಲರೇಟರ್: ಸೊನ್ನೆ.

"ಇದನ್ನ ನಾನು ನಿಮಗೆ ಕೊಡೋ ಹಾಗಿಲ್ಲ," ಎಂದರು. "ಪಂಪಿನ ವಿಷಯ ಇದರಲ್ಲಿ ಬರಲ್ಲ. ಬ್ರೇಕ್ ಒತ್ತಿದ್ರು ಅಂತ ಇದೆಯೇ ಹೊರತು, ಯಾಕೆ ನಿಲ್ಲಲಿಲ್ಲ ಅಂತ ಇಲ್ಲ. ನನ್ನ ಕೈಲಾಗೋದು ಇಷ್ಟೇ."

ಆ ಹಾಳೆಯನ್ನು ಪೊಲೀಸರಿಗೆ ಕೊಟ್ಟ ಮೇಲೆ ನರ್ಸಮ್ಮನ ಮೇಲಿನ ಅಪವಾದ ಹೋಯಿತು. ಮೂರು ತಿಂಗಳ ಮೇಲೆ ಅಕ್ಕನ ಪರವಾನಗಿಯೂ ವಾಪಸ್ಸು ಬಂತು. ಕಾರಣದ ಜಾಗದಲ್ಲಿ 'ಯಾಂತ್ರಿಕ ದೋಷವಿದ್ದಿರಬಹುದು, ನಿರ್ವಹಣೆಯ ಕೊರತೆ' ಎಂದು ಬರೆದಿದ್ದರು. ನಡುವೆ ಕಂಪನಿಯೂ ಒಂದು ಸುತ್ತೋಲೆ ಕಳಿಸಿತು: ಆ ಎಂಜಿನ್ನಿನ ಬೆಲ್ಟನ್ನು ಇನ್ನು ಮುಂದೆ ಒಂದು ಲಕ್ಷಕ್ಕೇ ಬದಲಾಯಿಸಬೇಕು, ಪ್ರತಿ ಸರ್ವಿಸಿನಲ್ಲೂ ಅದರ ಅಗಲ ಅಳೆಯಬೇಕು, ಪಂಪನ್ನೂ ಪರೀಕ್ಷಿಸಬೇಕು. ಅದು ಅನ್ವಯವಾಗುವುದು ರಸ್ತೆಯಲ್ಲಿರುವ ಗಾಡಿಗಳಿಗೆ. ಅಕ್ಕನದು ವರ್ಕ್‌ಶಾಪಿನ ಹಿಂದೆ ಟಾರ್ಪಾಲಿನ ಕೆಳಗಿತ್ತು. ಮೂರು ವಾರ ಎಂದಿದ್ದ ಪಂಪು ಏಳನೆಯ ವಾರ ಬಂತು. ಡಬ್ಬಿ ಬಿಚ್ಚದೆ ಕಪಾಟಿನಲ್ಲಿಟ್ಟೆ. ಮರುದಿನ ಇನ್ಯಾರದೋ ಗಾಡಿಗೆ ಅದನ್ನು ಹಾಕಿದರು.

ಅಕ್ಕ ಕೋಲು ಬಿಟ್ಟು ನಡೆಯತೊಡಗಿದ ಮೇಲೆ ಪಕ್ಕದ ಬೀದಿಯ ಡ್ರೈವಿಂಗ್ ಸ್ಕೂಲಿನವರು ಮನೆಗೆ ಬಂದರು. ದೊಡ್ಡ ಮೀಸೆಯ ಮನುಷ್ಯ, ಎಲ್ಲರೂ ಅವರನ್ನು ಮೀಸೆ ಮಾವ ಎಂದೇ ಕರೆಯುವುದು. ಇಷ್ಟು ವರ್ಷ ಅಕ್ಕನಿಗೆ ಪೈಪೋಟಿ ಕೊಟ್ಟವರು. "ನೋಡಮ್ಮ, ನನ್ನ ಹತ್ತಿರ ಮೂರು ಗಾಡಿ ಇವೆ. ಒಂದು ತಗೊಂಡು ನಿನ್ನ ಜನರದ್ದು ಮುಗಿಸಿಕೊಡು. ಬಾಡಿಗೆ ಅಂತ ಬಾಯಿ ತೆಗೆದ್ಯೋ, ಜಗಳ ಆಗುತ್ತೆ," ಎಂದು ಬೀಗದ ಕೈ ಮೇಜಿನ ಮೇಲಿಟ್ಟು ಹೋದರು.

ಮೊದಲು ಬಂದವರು ನರ್ಸಮ್ಮ. ಪ್ಲಾಸ್ಟರ್ ಬಿಚ್ಚಿ ಹತ್ತು ದಿನವಾಗಿತ್ತು, ಮಣಿಕಟ್ಟು ಇನ್ನೂ ಪೂರ್ತಿ ತಿರುಗುತ್ತಿರಲಿಲ್ಲ. ಗಾಡಿಯನ್ನು ನಾನು ಮೊದಲೇ ಮನೆಯಿಂದ ದೂರದ ಖಾಲಿ ಮೈದಾನಕ್ಕೆ ತಂದು ನಿಲ್ಲಿಸಿದ್ದೆ. ಅಕ್ಕನಿಗೆ ಧೈರ್ಯಕ್ಕೆ ಎಂದು ಹಿಂದಿನ ಸೀಟಿನಲ್ಲಿ ಕೂತೆ. ಹಿಂದಿನ ದಿನ ಆ ಗಾಡಿಯ ಬ್ರೇಕನ್ನು ನಾನೂ ಮೇಸ್ತ್ರಿಯೂ ಬಿಚ್ಚಿ ನೋಡಿದ್ದೆವು.

ನರ್ಸಮ್ಮ ಎಂಜಿನ್ ಶುರು ಮಾಡಿ, ಮೊದಲನೇ ಗೇರ್ ಹಾಕಿ, ಕ್ಲಚ್ ಬಿಟ್ಟರು. ಗಾಡಿ ಜರ್ಕ್ ಹೊಡೆದು ಆಫ್ ಆಯಿತು. ಮತ್ತೆ ಶುರು ಮಾಡಿದರು. ಮತ್ತೆ ಆಫ್. ನಾಲ್ಕನೆಯ ಸಲಕ್ಕೆ ಅವರು ಪಕ್ಕಕ್ಕೆ ಬಗ್ಗಿ ನೋಡಿ, ತುಂಬ ಮೆಲ್ಲಗೆ, "ಟೀಚರ್, ನೀವು ಬ್ರೇಕ್ ಒತ್ಕೊಂಡಿದ್ದೀರಿ," ಎಂದರು.

ಅಕ್ಕ ಕೆಳಗೆ ನೋಡಿಕೊಂಡಳು. ಅವಳ ಎರಡೂ ಕಾಲು ಪೆಡಲಿನ ಮೇಲಿದ್ದವು. ತೆಗೆಯಲು ನೋಡಿದಳು, ಕಾಲು ಬರಲಿಲ್ಲ. ಹಿಂದಿನಿಂದ ನನಗೆ ಅವಳ ಕುತ್ತಿಗೆ ಮಾತ್ರ ಕಾಣುತ್ತಿತ್ತು.

"ಈ ಗಾಡಿಯ ಬ್ರೇಕ್ ಸರಿ ಇದೆಯೇನೋ?" ಎಂದಳು, ತಿರುಗದೆ.

ಇದೆ ಎನ್ನಲು ಬಾಯಿ ತೆರೆದೆ. ಇಡೀ ದಿನ ಗಿರಾಕಿಗಳಿಗೆ ಹೇಳುವ ಮಾತು ಅದು. "ನಿನ್ನೆ ನೋಡ್ದಾಗ ಸರಿ ಇತ್ತು ಅಕ್ಕ," ಎಂದೆ.

ಅವಳು ಬಾಗಿಲು ತೆರೆದು, ಒಡೆದು ಕೂಡಿದ ಕಾಲನ್ನು ಕೈಯಲ್ಲಿ ಎತ್ತಿ ಹೊರಗಿಟ್ಟು ಇಳಿದಳು. "ಮೀಸೆ ಮಾವನಿಗೆ ಹೇಳ್ತೀನಿ ನರ್ಸಮ್ಮ. ಅವರು ಚೆನ್ನಾಗಿ ಕಲಿಸ್ತಾರೆ. ನಿಮಗೆ ಬರೀ ರಿವರ್ಸ್ ಬಾಕಿ." ನರ್ಸಮ್ಮ ಸ್ಟಿಯರಿಂಗ್ ಹಿಡಿದುಕೊಂಡೇ ತಲೆ ಅಲ್ಲಾಡಿಸಿದರು, ಬೇಡ ಎಂದೋ ಸರಿ ಎಂದೋ ತಿಳಿಯದ ಹಾಗೆ.

ನಾನು ಇಳಿದು ಅಕ್ಕನ ಹಿಂದೆ ಹೋದೆ. ಮನೆ ಒಂದೂವರೆ ಮೈಲಿ ದೂರ. ಬಿಡುತ್ತೇನೆ, ನಾನೇ ಓಡಿಸುತ್ತೇನೆ, ನಿಧಾನಕ್ಕೆ ಹೋಗೋಣ ಎಂದು ಏನೇನೋ ಹೇಳಿದೆ. ಅವಳು ನನ್ನ ಭುಜದ ಮೇಲೆ ಕೈಯಿಟ್ಟು ಭಾರ ಬಿಟ್ಟಳು.

"ನಡೆದೇ ಹೋಗೋಣ ಕಣೋ," ಎಂದಳು. "ಮಧ್ಯೆ ಎಲ್ಲಾದರೂ ಕೂತ್ಕೊಂಡ್ರಾಯ್ತು."